ಮೂರು ತಿಂಗಳು ತೀರ್ಪು ಕೊಡಬೇಡ

ಪುಟ್ಟೀ, ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಿಮ್ಮಪ್ಪ ಅಲ್ಲೇ ಹಾಲ್‌ನಲ್ಲಿ ಕೂತಿದ್ದ, ಅವನ ಕಿವಿ ಈಗಲೂ ಬಲು ಚುರುಕು. ತನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಅಂತ ಮಗಳೂ ಅಕ್ಕನೂ ಲೆಕ್ಕ ಹಾಕುವುದು ಅವನ ಕಿವಿಗೆ ಬೀಳಬಾರದು. ಅದಕ್ಕೇ ಬರೆಯುತ್ತಿದ್ದೇನೆ.

"ಆಪರೇಷನ್ ಮಾಡಿಸಿ ಅಪ್ಪನ ತಲೆ ಕೆಡಿಸಿಬಿಟ್ವಾ ಅತ್ತೆ?" ಅಂತ ಕೇಳಿದೆ. ಕುತ್ತಿಗೆಯ ರಕ್ತನಾಳದ ಆಪರೇಷನ್ ಆದಾಗಿನಿಂದ ಪೇಪರಿನಲ್ಲಿ ಓದಿದ್ದನ್ನೇ ಮತ್ತೆ ಓದುತ್ತಾನೆ, ಮಾತ್ರೆ ತಗೊಂಡೆನಾ ಅಂತ ಎರಡೆರಡು ಸಲ ಕೇಳುತ್ತಾನೆ, ಎದುರುಮನೆಯವರ ಹೆಸರು ನಾಲಿಗೆಗೆ ಬರಲಿಲ್ಲ, ಪದಬಂಧವನ್ನು ಅರ್ಧಕ್ಕೆ ಬಿಟ್ಟು ಎದ್ದ. ಇಷ್ಟೇ ತಾನೆ? ನರರೋಗದ ವಾರ್ಡಿನಲ್ಲಿ ದುಡಿದು, ಆಮೇಲೆ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳಿದವಳು ನಾನು. ಈ ಪ್ರಶ್ನೆಯನ್ನು ಎಷ್ಟೋ ಹೆಣ್ಣುಮಕ್ಕಳು ವಾರ್ಡಿನ ಬಾಗಿಲಲ್ಲಿ ನಿಂತು ಪಿಸುದನಿಯಲ್ಲಿ ಕೇಳಿದ್ದಾರೆ. ನನ್ನ ಮಾತು ಆಗಲೂ ಒಂದೇ, ಈಗಲೂ ಒಂದೇ: ಮೂರು ತಿಂಗಳಾಗುವವರೆಗೆ ಅವನ ನೆನಪಿನ ಬಗ್ಗೆ ತೀರ್ಪು ಕೊಡಬೇಡ. ಆದರೆ ಕೆಲವು ಲಕ್ಷಣ ಕಂಡರೆ ಒಂದು ನಿಮಿಷವೂ ಕಾಯಬೇಡ.

ಕಾಯಬಾರದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಮುಖ ಇದ್ದಕ್ಕಿದ್ದಂತೆ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈಯೋ ಕಾಲೋ ಸೋತುಹೋಗುವುದು, ಮಾತು ತೊದಲುವುದು ಇಲ್ಲವೇ ನಾವು ಹೇಳಿದ್ದು ಅರ್ಥವಾಗದೆ ಹೋಗುವುದು, ಒಂದು ಕಣ್ಣಿಗೆ ಪರದೆ ಇಳಿದಂತಾಗುವುದು. ಇವೆಲ್ಲ ಸ್ಟ್ರೋಕಿನ ಗುರುತು, ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ ಇನ್ನೊಂದಿದೆ. ಬಹಳ ದಿನ ಕಡಿಮೆ ರಕ್ತಕ್ಕೆ ಒಗ್ಗಿಹೋಗಿದ್ದ ಮಿದುಳಿನ ಭಾಗಕ್ಕೆ ದಾರಿ ತೆರೆದ ಕೂಡಲೇ ರಕ್ತ ರಭಸದಿಂದ ನುಗ್ಗುತ್ತದೆ. ಅಲ್ಲಿನ ಸಣ್ಣ ನಾಳಗಳಿಗೆ ಅದನ್ನು ತಡೆಹಿಡಿಯುವ ಅಭ್ಯಾಸವೇ ತಪ್ಪಿರುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಇದರಿಂದ ಮಿದುಳು ಊದಿಕೊಳ್ಳುತ್ತದೆ, ಒಳಗೆ ರಕ್ತಸ್ರಾವವೂ ಆಗಬಹುದು. ವೈದ್ಯರು ಇದಕ್ಕೆ ಹೈಪರ್‌ಪರ್ಫ್ಯೂಷನ್ ಅನ್ನುತ್ತಾರೆ. ಸಾಮಾನ್ಯವಾಗಿ ಮೊದಲ ವಾರದಲ್ಲಿ, ಕೆಲವೊಮ್ಮೆ ತಿಂಗಳೊಳಗೆ ಯಾವಾಗಲಾದರೂ ಕಾಣಿಸುತ್ತದೆ. ಆಪರೇಷನ್ ಆದ ಕಡೆಯೇ ಜೋರು ತಲೆನೋವು, ಬಿಪಿ ಏರಿಕೆ, ವಾಂತಿ, ಗೊಂದಲ, ಫಿಟ್ಸ್. ಆಪರೇಷನ್ ಆದವನಿಗೆ ತಲೆನೋವು ಬಾರದೆ ಇರುತ್ತದೆಯೇ ಅಂತ ಕ್ರೋಸಿನ್ ಕೊಟ್ಟು ಮಲಗಿಸುವವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡ. ಬಿಪಿ ಅಳೆ, ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಹಚ್ಚು, ಗೊಂದಲವೋ ಫಿಟ್ಸೋ ಜೊತೆಗಿದ್ದರೆ 108 ಕರೆದು ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೊರಡು. ಬೀದಿ ತುದಿಯ ಕ್ಲಿನಿಕ್ಕಿನಲ್ಲಿ ಒಂದು ಗಂಟೆ ಕಳೆಯಬೇಡ.

ಹೆದರಬೇಕಿಲ್ಲದ ಒಂದೆರಡು ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಕಿವಿಯ ತೊಟ್ಟು, ದವಡೆಯ ಅಂಚು ಮರಗಟ್ಟಿದಂತಿದ್ದರೆ ಅದು ಕುತ್ತಿಗೆ ಕೊಯ್ಯುವಾಗ ಚರ್ಮದ ನರಕ್ಕೆ ಆದ ಪೆಟ್ಟು. ತಿಂಗಳುಗಟ್ಟಲೆ ಇರಬಹುದು, ಷೇವ್ ಮಾಡುವಾಗ ಬ್ಲೇಡ್ ತಾಗಿದ್ದು ಗೊತ್ತಾಗುವುದಿಲ್ಲ, ಅಷ್ಟೇ. ದನಿ ಒಡೆದಿರುವುದು, ಕೆಳತುಟಿ ಒಂದು ಮೂಲೆಯಲ್ಲಿ ಸ್ವಲ್ಪ ಎಳೆದಂತಿರುವುದು ಇವೂ ಕುತ್ತಿಗೆಯ ನರಗಳ ಕಿತಾಪತಿಯೇ, ಬಹುಪಾಲು ಸರಿಹೋಗುತ್ತವೆ. ಆದರೆ ಅವನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿದ್ದಾರೆಯೇ ನೋಡಿಕೋ. ಮನೆಗೆ ಬಂದ ಮೇಲೆ ಹೊಸದಾಗಿ ಬಂದದ್ದಾದರೆ ಸ್ಟ್ರೋಕ್ ಅಂತಲೇ ತಿಳಿದು ಓಡು.

ಇನ್ನು ಆಪರೇಷನ್ ಮಾಡಿಸಿದ್ದು ಸರಿಯೇ ಅನ್ನುವ ಪ್ರಶ್ನೆ. ಅವತ್ತು ಬೆಳಿಗ್ಗೆ ನಿಮ್ಮಪ್ಪನ ಬಲಗೈಯಿಂದ ಕಾಫಿ ಲೋಟ ಜಾರಿತು, ಮಾತು ಹತ್ತು ನಿಮಿಷ ತೊದಲಿತು, ಆಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಸ್ನಾನಕ್ಕೆ ಹೋದ. ಅದು ಕ್ಷಣಿಕ ಸ್ಟ್ರೋಕ್. ಡಾಪ್ಲರ್‌ ಸ್ಕ್ಯಾನಿನಲ್ಲಿ ಎಡಗಡೆಯ ಕರೋಟಿಡ್ ನಾಳ 80 ಶೇಕಡಾ ಕಿರಿದಾಗಿದೆ ಅಂತ ಬಂತು. ಆ ನಾಳ ಕುತ್ತಿಗೆಯ ನಡುಭಾಗದಲ್ಲಿ ಎರಡು ಕವಲಾಗುತ್ತದೆ. ಒಂದು ಮುಖಕ್ಕೆ, ಇನ್ನೊಂದು ಮಿದುಳಿಗೆ. ಕೊಬ್ಬು, ಸುಣ್ಣ ಕಟ್ಟುವುದು ಸಾಮಾನ್ಯವಾಗಿ ಆ ಕವಲಿನಲ್ಲೇ. ಅಲ್ಲಿಂದ ಒಂದು ಚೂರು ಕಳಚಿ ಮೇಲೆ ಹೋಗಿ ಕರಗಿದ್ದರಿಂದ ಹತ್ತು ನಿಮಿಷಕ್ಕೆ ಮುಗಿಯಿತು. ಮುಂದಿನ ಚೂರು ಕರಗುತ್ತಿತ್ತು ಅನ್ನುವ ಭರವಸೆಯೇನೂ ಇರಲಿಲ್ಲ. 1991ರಲ್ಲಿ ಉತ್ತರ ಅಮೆರಿಕದ ನಾಸೆಟ್ ಅನ್ನುವ ಅಧ್ಯಯನ ಇಂಥವರನ್ನೇ ನೋಡಿತು. ಲಕ್ಷಣ ಕಂಡು, ನಾಳ 70 ಶೇಕಡಾಕ್ಕಿಂತ ಹೆಚ್ಚು ಕಿರಿದಾಗಿದ್ದವರಲ್ಲಿ ಬರೀ ಔಷಧಿ ತಗೊಂಡವರ ಪೈಕಿ ಎರಡು ವರ್ಷದೊಳಗೆ ಅದೇ ಕಡೆಯ ಸ್ಟ್ರೋಕ್ ಆದದ್ದು 26 ಶೇಕಡಾ ಜನಕ್ಕೆ. ಆಪರೇಷನ್ ಆದವರಲ್ಲಿ 9 ಶೇಕಡಾ. ಆಗಿನ ಔಷಧಿಗಿಂತ ಈಗಿನದು ಎಷ್ಟೋ ಮೇಲು, ಒಪ್ಪುತ್ತೇನೆ. ಆದರೂ ಲಕ್ಷಣ ಕಂಡವರ ಮಟ್ಟಿಗೆ ಆ ಅಂತರ ದೊಡ್ಡದು. ಎರಡು ವಾರದೊಳಗೆ ಮಾಡಿದರೆ ಲಾಭ ಹೆಚ್ಚು ಅಂತಲೂ ಗೊತ್ತಾಗಿದೆ, ನೀನು ಹಾಗೇ ಮಾಡಿಸಿದೆ.

ಲಕ್ಷಣವೇ ಇಲ್ಲದೆ, ಮಾಸ್ಟರ್ ಚೆಕಪ್‌ನಲ್ಲಿ ಬ್ಲಾಕ್ ಕಂಡಿತು ಅಂತ ಓಡುವವರ ವಿಷಯ ಬೇರೆ. ಅವರು ಎರಡು ಡಾಕ್ಟರನ್ನು ಕೇಳಿ ಮುಂದುವರಿಯುವುದು ಒಳ್ಳೆಯದು. ನಿಮ್ಮಪ್ಪ ಆ ಸಾಲಿನವನಲ್ಲ.

ಒಂದು ಮಾತು ಚೆನ್ನಾಗಿ ನೆನಪಿಟ್ಟುಕೋ. ಈ ಆಪರೇಷನ್ ಮಾಡುವುದು ಮುಂದೆ ಬರುವ ಸ್ಟ್ರೋಕನ್ನು ತಡೆಯಲಿಕ್ಕೆ. ಹೋದ ನೆನಪನ್ನು ವಾಪಸು ತರಲಿಕ್ಕಲ್ಲ. "ರಕ್ತ ಚೆನ್ನಾಗಿ ಹರಿದರೆ ತಲೆ ಚುರುಕಾಗುತ್ತೆ" ಅಂತ ಯಾರೋ ನಿಮ್ಮಮ್ಮನಿಗೆ ಹೇಳಿದ್ದಾರೆ, ಅವಳು ಅದನ್ನೇ ಕಾಯುತ್ತಾ ಕೂತಿದ್ದಾಳೆ. ಮಿದುಳಿಗೆ ರಕ್ತ ನಿಜಕ್ಕೂ ಸಾಲದೆ ಇದ್ದ ಕೆಲವರಲ್ಲಿ ಹಾಗೆ ಆಗುವುದುಂಟು. ಆದರೆ ಅಂಥ ವರದಿಗಳನ್ನು ಓದುವಾಗ ನಾನು ಒಂದು ಕಣ್ಣು ಮುಚ್ಚಿಯೇ ಓದುತ್ತೇನೆ. ಅದೇ ಪರೀಕ್ಷೆಯನ್ನು ಎರಡನೇ ಸಲ ಬರೆದರೆ ಯಾರಿಗಾದರೂ ಎರಡು ಅಂಕ ಹೆಚ್ಚು ಬಂದೇ ಬರುತ್ತದೆ. ಅದು ನಾಳ ತೆರೆದಿದ್ದರ ಫಲವೋ ಅಭ್ಯಾಸದ ಫಲವೋ ಹೇಳುವುದು ಸುಲಭವಲ್ಲ.

ಹಾಗಾದರೆ ಆಪರೇಷನ್ನಿನಿಂದ ಮಿದುಳಿಗೆ ಏನೂ ಆಗುವುದೇ ಇಲ್ಲವೇ? ಆಗುತ್ತದೆ. ಮುಚ್ಚಿಡುವುದಿಲ್ಲ.

ನಾಳವನ್ನು ಸೀಳಿ ಒಳಗಿನ ಕೆಸರನ್ನು ಕೆರೆದು ತೆಗೆಯಬೇಕಾದರೆ ಅಷ್ಟು ಹೊತ್ತು ಕ್ಲ್ಯಾಂಪ್ ಹಾಕಿ ಆ ಕಡೆಯ ರಕ್ತವನ್ನು ನಿಲ್ಲಿಸಲೇಬೇಕು. ಆಗ ಮಿದುಳು ಇನ್ನೊಂದು ಕಡೆಯ ಕರೋಟಿಡ್ ಮತ್ತು ಹಿಂದಿನಿಂದ ಏರುವ ಎರಡು ನಾಳಗಳ ಮೇಲೆ ನಿಂತಿರುತ್ತದೆ. ಇವನ್ನೆಲ್ಲ ಮಿದುಳಿನ ಬುಡದಲ್ಲಿ ಒಂದು ಉಂಗುರ ಜೋಡಿಸುತ್ತದೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲೇ ಅದನ್ನು ವಿವರಿಸಿದ್ದ. ಎಲ್ಲರಲ್ಲೂ ಆ ಉಂಗುರ ಪೂರ್ತಿಯಾಗಿರುವುದಿಲ್ಲ, ಅಲ್ಲೇ ತೊಂದರೆ. 1954ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಈಸ್ಟ್‌ಕಾಟ್, ಪಿಕರಿಂಗ್, ರಾಬ್ ಎಂಬ ವೈದ್ಯರು ಈ ಜಾಗದ ಆಪರೇಷನ್ನನ್ನು ಲೋಕಕ್ಕೆ ತಿಳಿಸಿದಾಗಲೂ ಅವರ ಚಿಂತೆ ಇದೇ ಆಗಿತ್ತು. ರಕ್ತ ನಿಂತ ಹೊತ್ತು ಮಿದುಳು ತಡೆದುಕೊಳ್ಳಲಿ ಅಂತ ರೋಗಿಯ ಮೈಯನ್ನೇ ತಂಪು ಮಾಡಿದ್ದರು. ಈಗ ಬೇಕೆನಿಸಿದರೆ ಷಂಟ್ ಅನ್ನುವ ಸಣ್ಣ ಕೊಳವೆ ಹಾಕಿ ರಕ್ತ ಹರಿಸುತ್ತಾರೆ. ಕೆಲವು ಕಡೆ ಕುತ್ತಿಗೆಯಷ್ಟನ್ನೇ ಮರಗಟ್ಟಿಸಿ, ರೋಗಿಯನ್ನು ಎಚ್ಚರ ಇಟ್ಟುಕೊಂಡೇ ಮಾಡುತ್ತಾರೆ. ಎದುರು ಕಡೆಯ ಕೈಗೆ, ಹಿಂಡಿದರೆ ಕುಯ್ ಅನ್ನುವ ಮಕ್ಕಳ ಆಟಿಕೆ ಕೊಟ್ಟು "ಒತ್ತಿ ಸ್ವಾಮಿ" ಅನ್ನುತ್ತಿರುತ್ತಾರೆ. ಸದ್ದು ನಿಂತರೆ ಮಿದುಳಿಗೆ ರಕ್ತ ಸಾಲುತ್ತಿಲ್ಲ ಅಂತ ಅರ್ಥ. ಪೂರ್ತಿ ಅರಿವಳಿಕೆ ಕೊಟ್ಟಿದ್ದರಿಂದಲೇ ಕೆಟ್ಟಿತು ಅಂತ ನಿನ್ನ ಗಂಡ ಅಂದನಂತೆ. 3,500ಕ್ಕೂ ಹೆಚ್ಚು ರೋಗಿಗಳನ್ನು ಎರಡೂ ಬಗೆಯಲ್ಲಿ ನೋಡಿದ ಗಾಲಾ ಅಧ್ಯಯನ 2008ರಲ್ಲಿ ಹೇಳಿದ್ದು, ಸ್ಟ್ರೋಕ್, ಹೃದಯಾಘಾತ, ಸಾವು ಈ ಮೂರರ ಲೆಕ್ಕದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂತ. ಅವನಿಗೆ ಹೇಳು.

ಎರಡನೆಯದು ಚೂರುಗಳು. ನೀರಿನ ಟ್ಯಾಂಕ್ ತೊಳೆಸಿದ ದಿನ ನಲ್ಲಿಯಲ್ಲಿ ಸ್ವಲ್ಪ ಹೊತ್ತು ಕೆಸರು ಬರುತ್ತದಲ್ಲ, ಹಾಗೆ ನಾಳದೊಳಗೆ ಕೈ ಹಾಕಿದಾಗ ಕಣ್ಣಿಗೆ ಕಾಣದ ಚೂರುಗಳು ಮೇಲೆ ಹೋಗುತ್ತವೆ. ಸ್ಟೆಂಟ್ ಹಾಕುವಾಗ ಇದು ಇನ್ನೂ ಹೆಚ್ಚು, ಜಾಲರಿ ಹಿಡಿದರೂ ಕೆಲವು ನುಸುಳುತ್ತವೆ. ಸ್ಟೆಂಟನ್ನೂ ಆಪರೇಷನ್ನನ್ನೂ ಹೋಲಿಸಿದ ಐಸಿಎಸ್‌ಎಸ್ ಅಧ್ಯಯನದಲ್ಲಿ ಒಂದಷ್ಟು ಜನಕ್ಕೆ ಎಂ.ಆರ್.ಐ. ಮಾಡಿದರು. 2010ರಲ್ಲಿ ಬಂದ ಲೆಕ್ಕದ ಪ್ರಕಾರ ಸ್ಟೆಂಟ್ ಹಾಕಿದವರಲ್ಲಿ ಅರ್ಧದಷ್ಟು ಜನರ ಮಿದುಳಿನಲ್ಲಿ ಹೊಸ ಚುಕ್ಕಿಗಳಿದ್ದವು, ಆಪರೇಷನ್ ಆದವರಲ್ಲಿ 17 ಶೇಕಡಾ ಜನರಲ್ಲಿ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದೇ ಅಧ್ಯಯನದಲ್ಲಿ ಕೆಲವರ ಯೋಚನಾಶಕ್ತಿ, ನೆನಪುಗಳನ್ನು ಪರೀಕ್ಷಿಸಿ ನೋಡಿದಾಗ ಎರಡು ಗುಂಪಿನ ನಡುವೆ ಅಂಥ ಅಂತರವೇನೂ ಕಾಣಲಿಲ್ಲ. ಸ್ಕ್ಯಾನಿನ ಚುಕ್ಕಿಯೇ ಮರೆವಲ್ಲ. ಸ್ಕ್ಯಾನ್ ರಿಪೋರ್ಟನ್ನು ಮೊಬೈಲಿನಲ್ಲಿ ಹುಡುಕಿ ಓದುವ ನಿನ್ನ ಅಭ್ಯಾಸಕ್ಕೆ ಈ ಮಾತು.

ಮೂರನೆಯದು ಆಪರೇಷನ್ ಅನ್ನುವುದೇ. ಕುತ್ತಿಗೆಗೇ ಆಗಬೇಕೆಂದಿಲ್ಲ. 1998ರಲ್ಲಿ ಹಲವು ದೇಶಗಳ ಅರಿವಳಿಕೆ ತಜ್ಞರು ಸೇರಿ 60 ದಾಟಿದ, ಹೃದಯದ್ದಲ್ಲದ ದೊಡ್ಡ ಆಪರೇಷನ್ ಆದ 1,200ಕ್ಕೂ ಹೆಚ್ಚು ಜನರ ನೆನಪು, ಗಮನಗಳನ್ನು ಅಳೆದರು. ಒಂದು ವಾರಕ್ಕೆ ಸುಮಾರು 26 ಶೇಕಡಾ ಜನರಲ್ಲಿ ಕುಸಿತ ಕಂಡಿತು. ಮೂರು ತಿಂಗಳ ಹೊತ್ತಿಗೆ ಅದು 10 ಶೇಕಡಾಕ್ಕೆ ಇಳಿದಿತ್ತು. ಆಪರೇಷನ್ನೇ ಆಗದ ಅದೇ ವಯಸ್ಸಿನವರಲ್ಲೂ 3 ಶೇಕಡಾದಷ್ಟು ಜನ ಆ ಪಟ್ಟಿಗೆ ಸೇರಿದರು ಅನ್ನುವುದನ್ನೂ ಮರೆಯಬೇಡ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಕುತ್ತಿಗೆಯ ಆಪರೇಷನ್ ಆದವರನ್ನೇ ಬೆನ್ನುಮೂಳೆಯ ಆಪರೇಷನ್ ಆದವರ ಪಕ್ಕ ಇಟ್ಟು ನೋಡಿದರು; ಮರುದಿನವೇ ಪರೀಕ್ಷಿಸಿದರೆ ಕುತ್ತಿಗೆಯವರಲ್ಲಿ ಸುಮಾರು ಕಾಲುಭಾಗ ಜನರಲ್ಲಿ ಸೂಕ್ಷ್ಮ ವ್ಯತ್ಯಾಸ, ತಿಂಗಳು ಕಳೆಯುತ್ತಾ ಅವರಲ್ಲೂ ಬಹಳಷ್ಟು ಮಂದಿ ಸರಿಹೋದರು. ನಾನು ಮೂರು ತಿಂಗಳು ಅಂದದ್ದು ಸುಮ್ಮನೆ ಅಲ್ಲ.

ಈಗ ನೀನು ಮರೆವು ಅನ್ನುತ್ತಿರುವುದು ಮರೆವೇ ಹೌದೇ ನೋಡೋಣ. ಹೊಸ ನೆನಪನ್ನು ಕಟ್ಟಿಡುವ ಜಾಗಕ್ಕೆ ಬಹುಪಾಲು ಜನರಲ್ಲಿ ಹೆಚ್ಚಿನ ರಕ್ತ ಬರುವುದು ಕುತ್ತಿಗೆಯ ಹಿಂದಿನ ನಾಳಗಳಿಂದ. ಕರೋಟಿಡ್ ಮುಖ್ಯವಾಗಿ ಹಣೆಯ ಹಿಂದಿನ, ಕಿವಿಯ ಮೇಲಿನ ಭಾಗವನ್ನು ಸಾಕುತ್ತದೆ. ಅಲ್ಲಿ ಪೆಟ್ಟಾದರೆ ಮೊದಲು ಕುಂದುವುದು ವೇಗ, ಗಮನ, ಎರಡು ಕೆಲಸವನ್ನು ಒಟ್ಟಿಗೆ ನಿಭಾಯಿಸುವ ಚಾತುರ್ಯ. ಎಡಗಡೆಯದಾದರೆ ಪದಗಳು ತಡವಾಗಿ ಬರುತ್ತವೆ, ಯಾಕೆಂದರೆ ಹೆಚ್ಚಿನವರಿಗೆ ಮಾತಿನ ಮನೆ ಎಡಕ್ಕಿದೆ. ಟಿವಿ ಓಡುತ್ತಿರುವಾಗ ನೀನು ಅಡುಗೆಮನೆಯಿಂದ ಹೇಳಿದ ಮಾತು ಅವನ ತಲೆಗೆ ಹೋಗಿಯೇ ಇರುವುದಿಲ್ಲ. ಹೋಗದ ಮಾತನ್ನು ಮರೆಯುವುದು ಹೇಗೆ?

ಇದನ್ನು ಬೇರೆಮಾಡಿ ನೋಡಲಿಕ್ಕೆ ಒಂದು ಉಪಾಯ ಇದೆ. ಎದುರುಮನೆಯವರ ಹೆಸರು ಬರಲಿಲ್ಲ ಅಂದೆಯಲ್ಲ, ಮೊದಲ ಅಕ್ಷರ ಹೇಳಿದಾಗ ಬಂತೇ? ಮೊನ್ನೆ ಊಟಕ್ಕೆ ಏನಿತ್ತು ಅಂದರೆ ತಡವರಿಸಿದ, "ಹುಳಿಯಾ, ಮಜ್ಜಿಗೆಹುಳಿಯಾ" ಅಂದರೆ ಸರಿಯಾಗಿ ಹೇಳಿದನೇ? ಸುಳಿವು ಕೊಟ್ಟರೆ ಬರುವುದು ಒಳಗೆ ಇದೆ, ಹುಡುಕುವುದು ನಿಧಾನ. ಎಷ್ಟು ಸುಳಿವು ಕೊಟ್ಟರೂ "ಊಟ ಮಾಡಿದೆವಾ ಮೊನ್ನೆ?" ಅನ್ನುವವರ ವಿಷಯ ಬೇರೆ, ಅದು ಬೇರೆ ಕಾಯಿಲೆಯ ಕಡೆ ಬೊಟ್ಟು ಮಾಡುತ್ತದೆ. ಆದರೆ ಪುಟ್ಟೀ, ದಯವಿಟ್ಟು ಇದನ್ನು ದಿನಾ ಪರೀಕ್ಷೆ ಮಾಡಬೇಡ. ಬಂದವರೆದುರು "ಅಪ್ಪಾ, ಇವರು ಯಾರು ಹೇಳು?" ಅನ್ನುವ ಆಟ ನಮ್ಮ ಮನೆಗಳಲ್ಲಿ ಬಹಳ. ಮೂರು ವರ್ಷದ ಮಗುವಿಗೆ ಕೇಳುವ ಪ್ರಶ್ನೆಯನ್ನು ಎಪ್ಪತ್ತರ ಗಂಡಸಿಗೆ ಕೇಳಿದರೆ ಅವನು ಹೆದರುತ್ತಾನೆ, ಹೆದರಿದವನಿಗೆ ತನ್ನ ಹೆಸರೂ ತಕ್ಷಣ ಬರುವುದಿಲ್ಲ. ಬಂದವರ ಹೆಸರನ್ನು ನೀನೇ ಮಾತಿನಲ್ಲಿ ಸೇರಿಸಿ ಒಳಗೆ ಕರೆ.

ಆಸ್ಪತ್ರೆಯಲ್ಲಿ ಎರಡನೇ ರಾತ್ರಿ ಅವನು ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಅಂದದ್ದು, ಡ್ರಿಪ್ ಕಿತ್ತುಕೊಳ್ಳಲು ಹೋದದ್ದು ನಿನ್ನನ್ನು ಇನ್ನೂ ಕಾಡುತ್ತಿದೆ. ಅದು ಡೆಲಿರಿಯಂ. ಹಗಲು ಸರಿ, ಸಂಜೆಯಾದರೆ ಗೊಂದಲ, ಗಳಿಗೆಗೊಂದು ರೀತಿ. ವಯಸ್ಸಾದವರಲ್ಲಿ ಯಾವ ಆಪರೇಷನ್ ಆದರೂ ಬರಬಹುದು. ನೋವು, ಜ್ವರ, ಮೂತ್ರದ ಸೋಂಕು, ಕಟ್ಟಿದ ಹೊಟ್ಟೆ, ನಿದ್ದೆಗೆಟ್ಟ ಐಸಿಯು, ಕನ್ನಡಕ ಇಲ್ಲದ ಕಣ್ಣು, ಇವೆಲ್ಲ ಅದಕ್ಕೆ ಇಂಬು. ಮನೆಯಲ್ಲೂ ಮರುಕಳಿಸಿದರೆ ವಾದ ಮಾಡಬೇಡ. ದೀಪ ಹಾಕು, ಕನ್ನಡಕ ಕೊಡು, ಗಡಿಯಾರ ಕಾಣುವಂತಿಡು, ಪಕ್ಕದಲ್ಲಿ ಕೂತು ಎಲ್ಲಿದ್ದೇವೆ ಅಂತ ಮೆತ್ತಗೆ ಹೇಳು. ಮತ್ತೆ ಮರುದಿನವೇ ಡಾಕ್ಟರಿಗೆ ತಿಳಿಸು, ಕಾರಣ ಹುಡುಕಲಿ.

ಕಾರಣ ಅಂದಾಗ ನನ್ನ ಅನುಭವದ ಒಂದು ಮಾತು. ಆಪರೇಷನ್ ಮೇಲೆ ಗೂಬೆ ಕೂರಿಸಿದ ಎಷ್ಟೋ ಮರೆವು ಆಪರೇಷನ್ನಿನದ್ದೇ ಆಗಿರುವುದಿಲ್ಲ. ನಿಮ್ಮಪ್ಪ ಹುಟ್ಟು ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆಯಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದಾನೆ. ಈ ಎರಡೂ ಸೇರಿದರೆ ಬಿ12 ಕೆಳಗಿಳಿಯುವುದು ಸಾಮಾನ್ಯ, ಬಿ12 ಇಳಿದರೆ ನೆನಪೂ ಮಂಕು. ಬಿಪಿಗೆ ನೀರು ಹೋಗಿಸುವ ಮಾತ್ರೆ, ಜೊತೆಗೆ ನಿಮ್ಮಮ್ಮನ ಉಪ್ಪಿಲ್ಲದ ಅಡುಗೆ. ಸೋಡಿಯಂ ಇಳಿದು ಮನುಷ್ಯ ತೂಕಡಿಸುತ್ತಾ ಏನೇನೋ ಮಾತಾಡುವುದನ್ನು ವಾರ್ಡಿನಲ್ಲಿ ವಾರವಾರವೂ ನೋಡುತ್ತಿದ್ದೆವು. ಥೈರಾಯ್ಡ್ ಒಂದು ನೋಡಿಸು. ರಾತ್ರಿ ನಿದ್ದೆಗೆ ಅಂತ ಯಾರೋ ಬರೆದುಕೊಟ್ಟ ಆಲ್‌ಪ್ರಜೋಲಾಂ ಇನ್ನೂ ನಡೆಯುತ್ತಿದೆಯೇ? ಅದು ನೆನಪಿಗೆ ಶತ್ರು, ಆದರೆ ನೀನಾಗಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ; ಡಾಕ್ಟರ್ ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಕೆಮ್ಮು ನೆಗಡಿಗೆ ಅಂಗಡಿಯಲ್ಲಿ ಸಿಗುವ, ನಿದ್ದೆ ಬರಿಸುವ ಸಿರಪ್ಪುಗಳೂ ಅದೇ ಜಾತಿ. ಇನ್ನೊಂದು, ಮನಸ್ಸಿನ ಕುಗ್ಗು. ಸಾವು ಕಿವಿಯ ಪಕ್ಕದಲ್ಲೇ ಹಾದುಹೋಯಿತು ಅಂತ ಅವನಿಗೂ ಗೊತ್ತು. ಮಾತು ಕಡಿಮೆಯಾದದ್ದು, ಪದಬಂಧ ಬಿಟ್ಟದ್ದು ಖಿನ್ನತೆಯೂ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ನಾಚಿಕೆಪಡಬೇಕಾದ್ದಿಲ್ಲ.

ಈಗ ನಿನಗೆ ಕಹಿಯಾಗಬಹುದಾದ ಪ್ರಶ್ನೆ. ಇದೆಲ್ಲ ಆಪರೇಷನ್ ಆದ ಮೇಲೆಯೇ ಶುರುವಾಯಿತೇ? ಕುತ್ತಿಗೆಯ ನಾಳ ಕಿರಿದಾದವರಲ್ಲಿ, ಸ್ಟ್ರೋಕೇ ಆಗದಿದ್ದರೂ, ಯೋಚನೆಯ ವೇಗ ಆಪರೇಷನ್ನಿಗೆ ಮುಂಚೆಯೇ ತಗ್ಗಿರುವುದು ಸಾಮಾನ್ಯ. ಕರೋಟಿಡ್‌ನಲ್ಲಿ ಕಟ್ಟಿದ ಕೊಬ್ಬು ಮಿದುಳಿನ ಕೂದಲೆಳೆ ನಾಳಗಳನ್ನು ಬಿಟ್ಟಿರುತ್ತದೆಯೇ? ಬಿಪಿ, ಸಕ್ಕರೆ, ಅವನ ಹಳೆಯ ಸಿಗರೇಟು ಎರಡೂ ಕಡೆ ಕೆಲಸ ಮಾಡಿವೆ. ಹೋದ ವರ್ಷ ಕರೆಂಟ್ ಬಿಲ್ಲನ್ನು ಎರಡು ಸಲ ಕಟ್ಟಿದ್ದ ಅಂತ ನೀನೇ ನಗುತ್ತಾ ಹೇಳಿದ್ದೆ. ನಿಮ್ಮಮ್ಮನನ್ನು ಕೂರಿಸಿಕೊಂಡು ಕೇಳು. ಅವಳು ಮೊದಲು "ಏನೂ ಇರಲಿಲ್ಲ" ಅನ್ನುತ್ತಾಳೆ, ಗಂಡನನ್ನು ಬಿಟ್ಟುಕೊಡುವವಳಲ್ಲ. ಎರಡನೇ ಸಲ ಕೇಳು. ಗೊತ್ತಿರುವುದನ್ನೆಲ್ಲ ತಾರೀಖಿನ ಅಂದಾಜಿನ ಜೊತೆ ಒಂದು ಹಾಳೆಯಲ್ಲಿ ಬರೆ. ಇವತ್ತಿನಿಂದ ಕಂಡದ್ದನ್ನು ಇನ್ನೊಂದು ಹಾಳೆಯಲ್ಲಿ, ವಾರಕ್ಕೊಮ್ಮೆ ಮಾತ್ರ. ಡಾಕ್ಟರಿಗೆ ಈ ಎರಡು ಹಾಳೆ ಕೊಡುವಷ್ಟು ಮಾಹಿತಿಯನ್ನು ಯಾವ ಸ್ಕ್ಯಾನೂ ಕೊಡುವುದಿಲ್ಲ.

ಔಷಧಿಯ ವಿಷಯದಲ್ಲಿ ನಾನು ಕಟುವಾಗಿರುತ್ತೇನೆ. ಕೊಲೆಸ್ಟರಾಲ್ ಮಾತ್ರೆ, ಅಂದರೆ ಸ್ಟ್ಯಾಟಿನ್, ತಲೆ ಮಂಕು ಮಾಡುತ್ತದೆ ಅಂತ ವಾಟ್ಸಪ್‌ನಲ್ಲಿ ಬಂದದ್ದನ್ನು ನಿಮ್ಮ ಚಿಕ್ಕಪ್ಪ ಎಲ್ಲರಿಗೂ ಕಳಿಸಿದ್ದಾನೆ. ಅದಕ್ಕೆ ಎಳೆಯಷ್ಟು ಆಧಾರ ಇದೆ: ಅಪರೂಪಕ್ಕೆ ಕೆಲವರು ಹಾಗೆ ದೂರಿದ್ದರಿಂದ, ನಿಲ್ಲಿಸಿದರೆ ಸರಿಹೋಗುವಂಥದ್ದು ಅಂತ ಹೇಳಿ ಅಮೆರಿಕದ ಔಷಧ ನಿಯಂತ್ರಕರು 2012ರಲ್ಲಿ ಲೇಬಲ್ಲಿನ ಮೇಲೆ ಸೇರಿಸಿದರು. ಆದರೆ ಸಾವಿರಾರು ಜನರ ಮೇಲೆ ವರ್ಷಗಟ್ಟಲೆ ನಡೆದ, 2002ರಲ್ಲಿ ಹೊರಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ ಸ್ಟ್ಯಾಟಿನ್ ತಗೊಂಡವರಿಗೂ ಬರೀ ಹುಸಿಮಾತ್ರೆ ತಗೊಂಡವರಿಗೂ ನೆನಪಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಕೆರೆದು ತೆಗೆದ ಜಾಗದಲ್ಲಿ, ಇನ್ನೊಂದು ಕಡೆಯ ನಾಳದಲ್ಲಿ, ಹೃದಯದಲ್ಲಿ ಮತ್ತೆ ಕಟ್ಟದಂತೆ ನೋಡಿಕೊಳ್ಳುವುದು ಆ ಮಾತ್ರೆ. ಆಸ್ಪಿರಿನ್ನೂ ಹಾಗೇ. ಹಲ್ಲು ಕೀಳಿಸಬೇಕು ಅಂತ ದಂತವೈದ್ಯರು ನಿಲ್ಲಿಸಲು ಹೇಳಿದರೆ, ಆಪರೇಷನ್ ಮಾಡಿದವರನ್ನು ಕೇಳದೆ ನಿಲ್ಲಿಸಕೂಡದು. ಸ್ಟೆಂಟ್ ಹಾಕಿಸಿಕೊಂಡವರಿಗಂತೂ ಮೊದಲ ತಿಂಗಳುಗಳಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ತಪ್ಪಿಸುವುದೆಂದರೆ ಪ್ರಾಣದ ಜೊತೆ ಆಟ.

ಒಂದೆಲಗದ ತಂಬುಳಿ ಮಾಡಿ ಹಾಕು, ನನಗೂ ಇಷ್ಟ. ಆದರೆ ನೆನಪಿನ ಶಕ್ತಿಗೆ ಅಂತ ಡಬ್ಬಿಯಲ್ಲಿ ಬರುವ ಕ್ಯಾಪ್ಸೂಲುಗಳನ್ನು ಡಾಕ್ಟರಿಗೆ ತೋರಿಸದೆ ಕೊಡಬೇಡ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಯಾವುದು ಹೇಗೆ ಜಗಳವಾಡುತ್ತದೆ ಅಂತ ಹೇಳಲಾಗದು. ಜಿಂಕೊ ಅನ್ನುವ ಎಲೆಯ ಸಾರಕ್ಕೆ ಬಹಳ ಹೆಸರಿದೆಯಲ್ಲ, ಮೂರು ಸಾವಿರ ವೃದ್ಧರ ಮೇಲೆ ಪ್ರಯೋಗಿಸಿ 2008ರಲ್ಲಿ ಹೇಳಿದರು: ಡಿಮೆನ್ಷಿಯಾ ತಡೆಯುವುದಿಲ್ಲ ಅಂತ. ದುಡ್ಡು ಉಳಿಸಿ ಬಿಪಿ ಮಿಷನ್ ಕೊಳ್ಳು. ಬಿಪಿ ಹತೋಟಿಯಲ್ಲಿದ್ದರೆ ನೆನಪಿಗೂ ಒಳ್ಳೆಯದು ಅನ್ನುವುದಕ್ಕೆ ಇರುವಷ್ಟು ಗಟ್ಟಿ ಪುರಾವೆ ಯಾವ ಕ್ಯಾಪ್ಸೂಲಿಗೂ ಇಲ್ಲ.

ಹಾಂ, ಕಟಿಂಗ್ ಶಾಪಿನವನಿಗೆ ನೀನೇ ಹೋಗಿ ಹೇಳು. ತಲೆ ಉಜ್ಜಿ, ಕತ್ತನ್ನು ಎರಡು ಕಡೆ ತಿರುವಿ ಲಟಕ್ ಅನ್ನಿಸುವ ಸೇವೆ ನಿಮ್ಮಪ್ಪನಿಗೆ ಇನ್ನು ಬೇಡ. ಅದು ಆರೋಗ್ಯವಂತರ ಕುತ್ತಿಗೆಯ ನಾಳವನ್ನೂ ಹರಿಯಬಲ್ಲದು.

ಮನೆಯ ವ್ಯವಹಾರದ ಮಾತು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ಊರಿನ ಜಮೀನಿನ ವಿಭಾಗಪತ್ರಕ್ಕೆ ಸಹಿ ಹಾಕಿಸಬೇಕು ಅಂತ ಅಲ್ಲಿಂದ ಫೋನ್ ಬರುತ್ತಿದೆಯಂತೆ. ಈ ಮೂರು ತಿಂಗಳು ಯಾವ ನೋಂದಣಿಯೂ ಬೇಡ, ಜಿಪಿಎ ಕೂಡ ಬೇಡ. ಅವನ ಮನಸ್ಸು ತಿಳಿಯಾಗಿಲ್ಲದಾಗ ಹಾಕಿಸಿದ ಸಹಿ ನಾಳೆ ಅಣ್ಣತಮ್ಮಂದಿರನ್ನು ಕೋರ್ಟಿಗೆ ಹತ್ತಿಸುತ್ತದೆ. ಬ್ಯಾಂಕಿನ ಹೆಸರಲ್ಲಿ ಓಟಿಪಿ ಕೇಳುವವರು ಇಂಥ ಹೊತ್ತನ್ನೇ ಕಾಯುತ್ತಿರುತ್ತಾರೆ, ಫೋನಿನ ಮೇಲೆ ಕಣ್ಣಿರಲಿ. ಹಾಗಂತ ಅವನ ಕೈಯಿಂದ ಎಲ್ಲವನ್ನೂ ಕಿತ್ತುಕೊಳ್ಳಬೇಡ. ಪಾಸ್‌ಬುಕ್ ಅವನ ಬಳಿಯೇ ಇರಲಿ, ತರಕಾರಿಯ ಲೆಕ್ಕ ಅವನೇ ಬರೆಯಲಿ, ಮಾತ್ರೆಯನ್ನು ವಾರದ ಡಬ್ಬಿಗೆ ಅವನೇ ತುಂಬಲಿ; ನೀನು ಆಮೇಲೆ ಸದ್ದಿಲ್ಲದೆ ಸರಿ ನೋಡು. ಸ್ಕೂಟರಿನ ಕೀ ಮಾತ್ರ ಡಾಕ್ಟರ್ ಹೂಂ ಅನ್ನುವವರೆಗೆ ನಿನ್ನ ಹತ್ತಿರ. ಜಗಳ ಆಡುತ್ತಾನೆ, ಆಡಲಿ. ನನ್ನ ಹೆಸರು ಹೇಳು.

ಮೂರು ತಿಂಗಳಾದ ಮೇಲೂ ಹೀಗೇ ಇದ್ದರೆ, ಇಲ್ಲವೇ ಅದಕ್ಕೆ ಮುಂಚೆಯೇ ದಿನದಿನಕ್ಕೆ ಹೆಚ್ಚಾಗುತ್ತಾ ಹೋದರೆ, ಆಗ ನರರೋಗ ತಜ್ಞರ ಹತ್ತಿರ ಸರಿಯಾದ ಪರೀಕ್ಷೆ ಮಾಡಿಸೋಣ. ಒಪಿಡಿಯಲ್ಲಿ ಐದು ನಿಮಿಷ ಕೂರಿಸಿ, ನೂರರಿಂದ ಏಳೇಳು ಕಳೆಯಿರಿ ಅಂದರೆ ನಿಮ್ಮಪ್ಪ ಕೊನೆಯವರೆಗೆ ಕಳೆದು ತೋರಿಸುತ್ತಾನೆ. ಕೆ.ಇ.ಬಿ.ಯ ಲೆಕ್ಕಪತ್ರ ವಿಭಾಗದಲ್ಲಿ ಕೂದಲು ಹಣ್ಣು ಮಾಡಿಕೊಂಡವನು, ಅವನ ಲೆಕ್ಕ ಸರಿಯಿದೆ ಅಂದರೆ ಉಳಿದದ್ದೂ ಸರಿಯಿದೆ ಅಂತ ಅರ್ಥವಲ್ಲ. ನೆನಪು, ಗಮನ, ಮಾತು, ಯೋಜನೆ ಎಲ್ಲವನ್ನೂ ಬೇರೆಬೇರೆಯಾಗಿ ಅಳೆಯುವ ಪರೀಕ್ಷೆಗಳಿವೆ, ಮತ್ತು ಅವು ಕನ್ನಡದಲ್ಲೇ ಇವೆ. ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಐದು ಭಾರತೀಯ ಭಾಷೆಗಳಲ್ಲಿದೆ, ಕನ್ನಡ ಅವುಗಳಲ್ಲಿ ಒಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ತರಬೇತಾದವರಿದ್ದಾರೆ. ಇಂಗ್ಲಿಷಿನಲ್ಲಿ ಕೇಳಿ ಕಡಿಮೆ ಅಂಕ ಕೊಡುವ ಕಡೆ ಹೋಗಬೇಡ. ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟ್ ಕೇಳು, ಸಂಜೆ ಅವನು ದಣಿದಿರುತ್ತಾನೆ. ಕನ್ನಡಕ ಮರೆಯಬೇಡ.

ಅಷ್ಟರೊಳಗೆ ಕುತ್ತಿಗೆಯ ಡಾಪ್ಲರ್ ಮತ್ತೊಮ್ಮೆ ಆಗಿರಬೇಕು, ಎರಡೂ ಕಡೆಯದ್ದು. ತಾರೀಖು ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಪುಟದಲ್ಲಿರುತ್ತದೆ, ಯಾರೂ ಆ ಪುಟ ಓದುವುದಿಲ್ಲ. ನಾಳೆ ಬೆಳಿಗ್ಗೆ ಆ ಸಮ್ಮರಿಯದ್ದೂ, ಅವನು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳದ್ದೂ ಫೋಟೊ ತೆಗೆದು ನನಗೆ ಕಳಿಸು. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ ಅನ್ನುವುದು ಓದುವ ಹಾಗಿರಲಿ. ಆ ನಿದ್ದೆ ಮಾತ್ರೆ ಯಾರು ಬರೆದುಕೊಟ್ಟಿದ್ದು ಅಂತಲೂ ಕೇಳಿ ತಿಳಿಸು.